ಮುಗಿಲೊಳಗಣ ಎಳೆ, ಎಳೆಯೊಳಗಣ ನಕ್ಷತ್ರ

ಕಳೆದ ಮಕರ ಸಂಕ್ರಾಂತಿಯ ಮರುದಿನ ನಾವು ಮೊಳಕಾಲ್ಮೂರಿನಲ್ಲಿದ್ದೆವು. ಮನೆಯಲ್ಲಿ ಮದುವೆಯೊಂದು ನಿಶ್ಚಯವಾಗಿತ್ತು. ಮುಹೂರ್ತದ ಸೀರೆಯನ್ನು ಅಂಗಡಿಯಲ್ಲಿ ಆರಿಸುವುದಕ್ಕಿಂತ ಮಗ್ಗದ ಮನೆಗೇ ಹೋಗಿ, ಬಣ್ಣ, ಅಂಚು, ಸೆರಗುಗಳನ್ನು ಹೇಳಿ ನೇಯಿಸಬೇಕೆಂಬುದು ಹಿರಿಯರ ಅಪೇಕ್ಷೆ. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ಶೇಂಗಾ ಹೊಲಗಳನ್ನೂ ಬೋಳು ಗುಡ್ಡಗಳನ್ನೂ ದಾಟಿ ಊರು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೇಕಾರರ ಬೀದಿಯ ಒಂದು ಮನೆಯಲ್ಲಿ ಗುಂಡಿ ಮಗ್ಗದ ಮುಂದೆ ಕುಳಿತಿದ್ದ ಹಿರಿಯರು, ನಮ್ಮೊಡನೆ ಮಾತನಾಡುತ್ತಲೇ, ಹಾಸಿನಲ್ಲಿ ತುಂಡಾಗಿದ್ದ ಒಂದು ಎಳೆಯನ್ನು ಬೆರಳ ತುದಿಯಿಂದ ಹುಡುಕಿ ಗಂಟು ಹಾಕಿದರು. ನಮ್ಮ ಕನ್ನಡಕಕ್ಕೆ ಅಲ್ಲಿ ಎಳೆಯೇ ಕಾಣಲಿಲ್ಲ. ಹಾಗೆಂದಾಗ ಅವರು ನಕ್ಕು, “ಕಾಣೋದಿಲ್ಲ ಯಜಮಾನ್ರೇ, ಬೆರಳಿಗೆ ಗೊತ್ತಾಗುತ್ತೆ” ಎಂದರು.

ಅಂದು ರಾತ್ರಿ ಉಳಿದದ್ದು ಅದೇ ಊರಿನ ನಮ್ಮ ಬಂಧುಗಳ ಮನೆಯಲ್ಲಿ. ಊಟವಾಗುತ್ತಿದ್ದಂತೆ ವಿದ್ಯುತ್ತು ಹೋಯಿತು; ಎಲ್ಲರೂ ಮಾಳಿಗೆ ಹತ್ತಿದೆವು. ಅಮಾವಾಸ್ಯೆ ಸಮೀಪಿಸಿದ ದಿನಗಳು, ಒಣಹವೆ. ನೆತ್ತಿಯ ಮೇಲೆ ಕೃತ್ತಿಕೆ, ಅದರ ಮೂಡಲಿಗೆ ಕೆಂಪಗಿನ ರೋಹಿಣಿ, ಇನ್ನೂ ಕೆಳಗೆ ಮೂರು ಚುಕ್ಕಿಗಳ ಸಾಲಿನ ಮಹಾವ್ಯಾಧ. ಮನೆಯ ಹುಡುಗಿ ಒಂಬತ್ತನೆಯ ತರಗತಿಯವಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ತಾತ, ಮೋಡ ಕುಗ್ಗಿ ಕುಗ್ಗಿ ನಕ್ಷತ್ರ ಆಗುತ್ತೆ ಅಂತ ಪುಸ್ತಕದಲ್ಲಿ ಇದೆ. ಅಷ್ಟು ದೊಡ್ಡ ಮೋಡ ಕುಗ್ಗಿದರೆ ಒಂದೇ ಒಂದು ಭಾರಿ ನಕ್ಷತ್ರ ಆಗಬೇಕಿತ್ತಲ್ಲ? ಇಷ್ಟೊಂದು ಸಣ್ಣ ಸಣ್ಣವು ಯಾಕೆ?”

ನಾವು ಏನೋ ಒಂದು ಉತ್ತರ ಹೇಳಿದೆವು. ಅದು ಉತ್ತರವಲ್ಲವೆಂದು ನಮಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು. ಸೀರೆ ಸಿದ್ಧವಾದಾಗ ಮತ್ತೆ ಬರುವುದಿತ್ತು. ಅಷ್ಟರೊಳಗೆ ತಿಳಿದುಕೊಂಡು ಬಂದು ಹೇಳುವುದಾಗಿ ಮಾತು ಕೊಟ್ಟು ಇಳಿದೆವು. ಮಕ್ಕಳಿಗೆ ಕೊಟ್ಟ ಮಾತು ದೊಡ್ಡವರಿಗೆ ಕೊಟ್ಟ ಮಾತಿಗಿಂತ ಹೆಚ್ಚು ಕಾಡುತ್ತದೆ. ಮುಂದಿನ ಎರಡು ತಿಂಗಳು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ. ಇಂತಹ ಪ್ರಶ್ನೆ ಇತರ ಮನೆಗಳ ಮಾಳಿಗೆಗಳ ಮೇಲೂ ಹುಟ್ಟಿರಬಹುದು.

ಬರಿದಾದ ಬೀದಿ

ನಮ್ಮ ಬಯಲುಸೀಮೆಯ ರೈತನಿಗೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದರೆ ಮೊದಲು ಮಳೆಯ ಹೆಸರುಗಳು. ಸೂರ್ಯನು ಆಯಾ ನಕ್ಷತ್ರದ ನೆರೆಯಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ಹೆಸರು. ಆಗ ಆ ನಕ್ಷತ್ರಗಳು ಹಗಲು ಬೆಳಕಿನಲ್ಲಿ ಮುಳುಗಿರುವುದರಿಂದ ನಾವು ಅವನ್ನು ನೋಡಲಾರೆವು. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಪೈಕಿ ಚಳ್ಳಕೆರೆ, ಮೊಳಕಾಲ್ಮೂರುಗಳು ಸೇರಿವೆ. ರೋಹಿಣಿ ಮಳೆ ಬಂದಿತೇ, ಆರಿದ್ರ ಕೈಕೊಟ್ಟಿತೇ ಎಂದು ಮುಗಿಲು ನೋಡಿಯೇ ತಲೆಮಾರುಗಳು ಕಳೆದಿವೆ. ಆದರೆ ಅದೇ ಕೃತ್ತಿಕೆ, ರೋಹಿಣಿಗಳ ನೆರೆಯಲ್ಲಿ ಎಂದೂ ಕರಗದ, ಮಳೆಯ ಬದಲು ನಕ್ಷತ್ರಗಳನ್ನು ಸುರಿಸುವ ಒಂದು ಮುಗಿಲಿದೆ ಎಂಬುದು ನಮಗೆ ಹೊಸ ಸಂಗತಿಯಾಗಿತ್ತು.

ಸಂಕ್ರಾಂತಿಯ ಆಸುಪಾಸು ರಾತ್ರಿ ಒಂಬತ್ತರ ಹೊತ್ತಿಗೆ ರೋಹಿಣಿಯಿಂದ ಉತ್ತರಕ್ಕೂ ಕೃತ್ತಿಕೆಯಿಂದ ಪೂರ್ವಕ್ಕೂ ಸರಿದರೆ ಸಿಗುವ ಎಡೆಯನ್ನು ನೋಡಿ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಆ ‘ಏನೂ ಇಲ್ಲ’ ಎಂಬುದೇ ವಿಶೇಷ. ಅಮೆರಿಕದ ಖಗೋಳ ಛಾಯಾಗ್ರಾಹಕ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ 1907ರಲ್ಲಿ ಇದೇ ಭಾಗದ ಚಿತ್ರ ತೆಗೆದಾಗ, ಚುಕ್ಕಿಗಳು ಕಿಕ್ಕಿರಿದ ಹಿನ್ನೆಲೆಯಲ್ಲಿ ಚುಕ್ಕಿಗಳೇ ಇಲ್ಲದ ಒಂದು ಉದ್ದನೆಯ ಬರಿಯ ಬೀದಿ ಅವರಿಗೆ ಕಂಡಿತು. ಬರ್ನಾರ್ಡ್ ಬಡತನದಲ್ಲಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿಗೇ ಫೋಟೋ ಸ್ಟುಡಿಯೋ ಒಂದರಲ್ಲಿ ಕೂಲಿಗೆ ಸೇರಿದ ಆ ಹುಡುಗನ ಕೈಕಸುಬೇ ಮುಂದೆ ಆಕಾಶದ ಕಸುಬಾಯಿತು.

ಆಕಾಶದ ಇಂತಹ ಕಪ್ಪು ಎಡೆಗಳನ್ನು ಹಿಂದಿನವರು ತೂತುಗಳೆಂದು ಬಗೆದಿದ್ದರು. ಬರ್ನಾರ್ಡರೂ ಬಹುಕಾಲ ತೂಗುಯ್ಯಾಲೆಯಲ್ಲಿದ್ದರು. 1913ರ ಬೇಸಿಗೆಯ ಒಂದು ತಿಂಗಳಿಲ್ಲದ ರಾತ್ರಿ ಅವರು ಆಕಾಶಗಂಗೆಯ ಚಿತ್ರ ತೆಗೆಯುತ್ತಿದ್ದಾಗ, ನಮ್ಮ ಭೂಮಿಯದೇ ಸಣ್ಣ ಸಣ್ಣ ಮೋಡದ ತುಣುಕುಗಳು ಆ ಬೆಳ್ಳನೆಯ ಹಿನ್ನೆಲೆಯ ಮುಂದೆ ತೇಲಿ ಬಂದವು. ಬೆಳಗಬೇಕಾದ ಮೋಡಗಳು ಅಲ್ಲಿ ಮಸಿಯ ಹನಿಗಳಂತೆ ಕಪ್ಪಾಗಿ ತೋರಿದವು. ಹಾಗಾದರೆ ಆಕಾಶಗಂಗೆಯ ಕಪ್ಪು ಕಲೆಗಳೂ ತೂತುಗಳಲ್ಲ, ಹಿಂದಿನ ಬೆಳಕನ್ನು ತಡೆಯುವ ಮುಗಿಲುಗಳೇ ಇರಬೇಕು. 1919ರಲ್ಲಿ ಅವರು ಇಂತಹ 182 ಕಪ್ಪು ಎಡೆಗಳ ಪಟ್ಟಿಯನ್ನು ಪ್ರಕಟಿಸಿದರು. ರೋಹಿಣಿಯ ಉತ್ತರದ ಬೀದಿ ಇಂದಿಗೂ ಬರ್ನಾರ್ಡ್ 211, ಬರ್ನಾರ್ಡ್ 213 ಎಂಬ ಸಂಖ್ಯೆಗಳಿಂದಲೇ ಪರಿಚಿತವಾಗಿದೆ.

ಈ ಮುಗಿಲು ನಮ್ಮಿಂದ ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಜ್ಯೋತಿರ್ವರ್ಷವೆಂದರೆ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರು. 1565ರ ತಾಳಿಕೋಟೆಯ ಯುದ್ಧದ ತರುವಾಯ, ಚಿತ್ರದುರ್ಗದಲ್ಲಿ ನಾಯಕರ ಆಳ್ವಿಕೆ ಬೇರೂರುತ್ತಿದ್ದ ದಿನಗಳಲ್ಲಿ ಅಲ್ಲಿಂದ ಹೊರಟ ಕಿರಣ ಈಗ ನಮ್ಮ ಮಾಳಿಗೆಗೆ ಬರುತ್ತಿದೆ. ಆ ಬೀದಿಯ ಉದ್ದ ಮೂವತ್ತು ಜ್ಯೋತಿರ್ವರ್ಷಗಳಷ್ಟು. ಆದರೂ ಚಾಚಿದ ಕೈಯ ಎರಡು ಬೆರಳುಗಳಿಂದ ಅದನ್ನು ಮುಚ್ಚಿಬಿಡಬಹುದು.

ಮುಗಿಲೆಂದೊಡನೆ ನಮ್ಮ ಮನಸ್ಸಿಗೆ ದಟ್ಟನೆಯ ವಸ್ತು ಬರುತ್ತದೆ. ಇದು ಹಾಗಲ್ಲ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ 25ರ ಮುಂದೆ ಹದಿನೆಂಟು ಸೊನ್ನೆ ಹಾಕಿದಷ್ಟು ಅಣುಗಳಿವೆ. ಆ ಮುಗಿಲಿನ ಸಾಧಾರಣ ಭಾಗದಲ್ಲಿ ಅಷ್ಟೇ ಎಡೆಯಲ್ಲಿರುವುದು ಕೆಲವು ನೂರು ಅಣುಗಳು; ಎಳೆಗಟ್ಟಿದ ಭಾಗದಲ್ಲಿ ಹತ್ತಾರು ಸಾವಿರ. ಬಹುಪಾಲು ಜಲಜನಕ, ಉಳಿದದ್ದರಲ್ಲಿ ಹೆಚ್ಚಿನದು ಹೀಲಿಯಂ, ನೂರರಲ್ಲಿ ಒಂದು ಪಾಲಿನಷ್ಟು ಧೂಳು. ತಂಪು ಎಷ್ಟೆಂದರೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ. ನಮ್ಮ ಲೆಕ್ಕದಲ್ಲಿ ಅದು ಬರಿಯ ಶೂನ್ಯ. ಆದರೆ ಹರವು ಅಷ್ಟು ದೊಡ್ಡದಾದ್ದರಿಂದ ಒಟ್ಟು ಕೂಡಿಸಿದರೆ ಸಾವಿರಾರು ಸೂರ್ಯರ ತೂಕ ಬರುತ್ತದೆ.

ಬಯಲೆಂಬ ಮಾತನ್ನು ಆಡುತ್ತಾ ಬೆಳೆದ ಮನೆಗಳು ನಮ್ಮವು. ಬಯಲಿನಿಂದ ರೂಪ ಮೂಡುವ ಈ ಕಥೆ ಕೇಳಿದಾಗ, ಇದನ್ನು ನಮ್ಮ ಹಿರಿಯರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದ್ದರೆಂದು ಬರೆಯುವ ಆಸೆ ನಮಗೂ ಆಯಿತು. ಹಾಗೆ ಬರೆಯುವುದು ಸರಿಯಲ್ಲ. ಶರಣರು ಹೇಳಿದ್ದು ಬೇರೊಂದು ಬಯಲಿನ ಮಾತು; ಅದು ತನ್ನ ಬಲದಿಂದಲೇ ನಿಂತಿದೆ, ದೂರದರ್ಶಕದ ಸಾಕ್ಷ್ಯ ಅದಕ್ಕೆ ಬೇಕಿಲ್ಲ.

ಉಣ್ಣೆಯಿಂದ ನೂಲು

ಹುಡುಗಿಯ ಪುಸ್ತಕದಲ್ಲಿದ್ದ ವಿವರಣೆ ತಪ್ಪಲ್ಲ, ಹಳೆಯದು. ಅನಿಲದ ರಾಶಿಯೊಂದು ತನ್ನ ತೂಕಕ್ಕೆ ತಾನೇ ಕುಸಿಯಬೇಕಾದರೆ ಕನಿಷ್ಠ ಎಷ್ಟು ತೂಕವಿರಬೇಕೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೀನ್ಸ್ 1902ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. ಅನಿಲದ ಕಾವು ಹೊರಕ್ಕೆ ತಳ್ಳುತ್ತದೆ, ಗುರುತ್ವಾಕರ್ಷಣೆ ಒಳಕ್ಕೆ ಎಳೆಯುತ್ತದೆ. ಎಳೆತ ಗೆದ್ದಲ್ಲಿ ಕುಸಿತ. ಆದರೆ ಈ ಲೆಕ್ಕದಲ್ಲಿ ಮುಗಿಲು ಉಂಡೆಯಂತೆ ಸಮನಾಗಿತ್ತು. ನಿಜವಾದ ಮುಗಿಲು ಹೇಗಿದೆಯೆಂದು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಎಳೆಯಂತಹ ಕಪ್ಪು ಮುಗಿಲುಗಳು ಹಲವಿವೆಯೆಂದೂ ಅವುಗಳ ಮೇಲೆ ಮಣಿಗಳಂತಹ ಗಂಟುಗಳಿವೆಯೆಂದೂ 1979ರ ಹೊತ್ತಿಗೆ ಕೆಲವರು ಪಟ್ಟಿ ಮಾಡಿದ್ದುಂಟು. ಆದರೆ ಅದು ಅಲ್ಲೊಂದು ಇಲ್ಲೊಂದು ಕಾಣುವ ವಿಚಿತ್ರವೋ, ಎಲ್ಲೆಡೆಯ ನಿಯಮವೋ ತಿಳಿದಿರಲಿಲ್ಲ.

ಅದನ್ನು ತಿಳಿಸಿದ್ದು ಯೂರೋಪಿನ ಹರ್ಷೆಲ್ ಎಂಬ ಬಾಹ್ಯಾಕಾಶ ದೂರದರ್ಶಕ. 2009ರ ಮೇ 14ರಂದು ಹಾರಿದ ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ನಿಂತು, ತನ್ನ ಉಪಕರಣಗಳನ್ನು ತಂಪಾಗಿಟ್ಟಿದ್ದ ದ್ರವ ಹೀಲಿಯಂ 2013ರ ಏಪ್ರಿಲ್ 29ರಂದು ತೀರುವವರೆಗೆ ಕೆಲಸ ಮಾಡಿತು. ಅದರ ಕನ್ನಡಿಯ ಅಡ್ಡಳತೆ ಮೂರೂವರೆ ಮೀಟರು. ಕಣ್ಣಿಗೆ ಕಾಣದ, ಕೆಂಪಿನಿಂದ ಬಹು ಆಚೆಗಿರುವ ಅವಕೆಂಪು ಕಿರಣಗಳನ್ನು ಅದು ಹಿಡಿಯುತ್ತಿತ್ತು. ಎಂತಹ ತಣ್ಣನೆಯ ಧೂಳಾದರೂ ತನ್ನ ಅಲ್ಪ ಕಾವನ್ನು ಈ ಕಿರಣಗಳಾಗಿ ಹೊರಸೂಸುತ್ತದೆ. ಕಣ್ಣಿಗೆ ಕಾಣದ ಎಳೆ ನೇಕಾರರ ಬೆರಳಿಗೆ ಸಿಕ್ಕಂತೆ, ಬೆಳಕಿಗೆ ಕಪ್ಪಾಗಿದ್ದ ಮುಗಿಲು ಹರ್ಷೆಲಿನ ಕನ್ನಡಿಗೆ ಹೊಳೆಹೊಳೆಯುತ್ತ ಕಂಡಿತು.

2010ರಲ್ಲಿ ಮೊದಲ ಚಿತ್ರಗಳು ಬಂದಾಗ ವಿಜ್ಞಾನಿಗಳೇ ಬೆರಗಾದರು. ಫ್ರಾನ್ಸಿನ ಫಿಲಿಪ್ ಆಂದ್ರೆ ಅವರ ನೇತೃತ್ವದ ತಂಡ ನಮಗೆ ಹತ್ತಿರದ ಮುಗಿಲುಗಳನ್ನೆಲ್ಲ ಒಂದೊಂದಾಗಿ ನೋಡಿತು. ಎಲ್ಲಿ ನೋಡಿದರೂ ಎಳೆಗಳು! ಒಂದೆಡೆ ತೆಳುವಾಗಿ, ಒಂದೆಡೆ ದಪ್ಪವಾಗಿ, ಒಂದಕ್ಕೊಂದು ಹೆಣೆದುಕೊಂಡು. ಚಳ್ಳಕೆರೆ ಸೀಮೆಯ ಕುರುಬರ ಮನೆಗಳಲ್ಲಿ ಕಂಬಳಿಯ ಕೆಲಸ ನೋಡಿದವರಿಗೆ ಈ ಚಿತ್ರದ ಅರ್ಥ ಬೇಗ ಆಗುತ್ತದೆ. ಕತ್ತರಿಸಿ ತಂದ ಉಣ್ಣೆಯ ರಾಶಿಯಿಂದ ನೇರವಾಗಿ ಕಂಬಳಿಯಾಗುವುದಿಲ್ಲ. ಹಿಂಜಬೇಕು, ನೂಲಬೇಕು, ಹಾಸು ಹೂಡಿ ಹುಣಸೆ ಬೀಜದ ಗಂಜಿ ಕೊಡಬೇಕು, ಆಮೇಲೆ ನೇಯ್ಗೆ. ರಾಶಿಗೂ ಕಂಬಳಿಗೂ ನಡುವೆ ನೂಲೆಂಬ ಒಂದು ಹಂತವಿದೆ. ಮುಗಿಲಿಗೂ ನಕ್ಷತ್ರಕ್ಕೂ ನಡುವೆಯೂ ಹಾಗೆಯೇ ಒಂದು ಎಳೆಯ ಹಂತವಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಬಿಟ್ಟುಹೋಗಿರುವುದು ಈ ನಡುವಣ ಹಂತವೇ.

ಉಣ್ಣೆಯನ್ನು ನೂಲುವುದಕ್ಕೆ ಒಂದು ಕೈ ಬೇಕು. ಅಲ್ಲಿ ಅಂತಹ ಕೈ ಯಾವುದು? ಆಯುಷ್ಯ ಮುಗಿದ ದೊಡ್ಡ ನಕ್ಷತ್ರಗಳು ಸಿಡಿದಾಗ ಏಳುವ ಅಲೆಗಳು ಅನಿಲವನ್ನು ಕಲಕುತ್ತಲೇ ಇರುತ್ತವೆ. ಅಲೆ ಗುಡಿಸಿದ ಅನಿಲ ಹಾಳೆಯಂತೆ ಒತ್ತಾಗುತ್ತದೆ. ಹಾಳೆಗಳು ಕೂಡುವಲ್ಲಿ, ಮಡಿಚಿದ ಬಟ್ಟೆಯ ನಿರಿಗೆಯಂತೆ, ಎಳೆ ಮೂಡುತ್ತದೆ. ಅನಿಲದೊಳಗೆ ಹರಡಿರುವ ಕಾಂತಕ್ಷೇತ್ರ ಅದಕ್ಕೆ ದಿಕ್ಕು ತೋರುತ್ತದೆ. ತೆಳುವಾದ ಎಳೆಗಳು ಬಹುಮಟ್ಟಿಗೆ ಕಾಂತರೇಖೆಗಳ ಗುಂಟ ಮಲಗಿರುತ್ತವೆ, ದಪ್ಪ ಎಳೆಗಳು ಅವಕ್ಕೆ ಅಡ್ಡಲಾಗಿರುತ್ತವೆ ಎಂಬುದನ್ನು, ಹರ್ಷೆಲಿನ ಜೊತೆಯಲ್ಲಿಯೇ ಹಾರಿದ ಪ್ಲಾಂಕ್ ಉಪಗ್ರಹ ಅಳೆದು ಹೇಳಿದೆ. ರೋಹಿಣಿಯ ನೆರೆಯ ದಪ್ಪ ಎಳೆಗೆ ಎರಡೂ ಪಕ್ಕದಿಂದ ಸಣ್ಣ ಸಣ್ಣ ಎಳೆಗಳು ಬಂದು ಕೂಡುತ್ತವೆ. ಮಳೆಗಾಲದಲ್ಲಿ ನಮ್ಮ ಹಳ್ಳಗಳು ಬಂದು ವೇದಾವತಿಯನ್ನು ಸೇರುವಂತೆ ಅವುಗಳ ಮೂಲಕ ಅನಿಲ ಹರಿದು ಬಂದು ಎಳೆಯ ತೂಕವನ್ನು ಹೆಚ್ಚಿಸುತ್ತಿದೆ.

ತೂಕದ ಮಾತೇ ಇಲ್ಲಿ ಮುಖ್ಯ. ಧ್ರುವ ನಕ್ಷತ್ರದ ದಿಕ್ಕಿನಲ್ಲಿ ಒಂದು ಮುಗಿಲಿದೆ. ಅದರ ತುಂಬ ಎಳೆಗಳಿವೆ, ಆದರೆ ಹುಟ್ಟುತ್ತಿರುವ ನಕ್ಷತ್ರಗಳು ಇಲ್ಲವೆನ್ನಬಹುದು. ಗರುಡ ನಕ್ಷತ್ರಪುಂಜದ ದಿಕ್ಕಿನ ಮತ್ತೊಂದು ಮುಗಿಲಿನಲ್ಲಿಯೂ ಎಳೆಗಳಿವೆ; ಅಲ್ಲಿ ನೂರಾರು ನಕ್ಷತ್ರಗಳು ಗರ್ಭದಲ್ಲಿವೆ. ವ್ಯತ್ಯಾಸವೇನು? ಮೊದಲನೆಯದರ ಎಳೆಗಳು ಹಗುರ, ಎರಡನೆಯದರವು ಭಾರ. ಇದರಿಂದ ಎರಡು ಸಂಗತಿ ತಿಳಿಯಿತು. ಎಳೆ ಮೊದಲು, ನಕ್ಷತ್ರ ಆಮೇಲೆ ಎಂಬುದು ಒಂದು. ಎಳೆಯಾದ ಮಾತ್ರಕ್ಕೆ ನಕ್ಷತ್ರವಾಗುವುದಿಲ್ಲ ಎಂಬುದು ಇನ್ನೊಂದು. ಅಂತಹ ತಂಪಿನಲ್ಲಿ ಒಂದು ಜ್ಯೋತಿರ್ವರ್ಷ ಉದ್ದದ ಎಳೆಯಲ್ಲಿ ಸುಮಾರು ಐದು ಸೂರ್ಯರ ತೂಕ ತುಂಬುವವರೆಗೆ ಅನಿಲದ ಕಾವು ಎಳೆಯನ್ನು ಹಾಗೆಯೇ ಹಿಡಿದಿಡುತ್ತದೆ. ಅದನ್ನು ಮೀರಿತೆಂದರೆ ಕಾವು ಸೋಲುತ್ತದೆ, ಗುರುತ್ವ ಗೆಲ್ಲುತ್ತದೆ, ಎಳೆ ತುಂಡು ತುಂಡಾಗಿ ಮಣಿಗಟ್ಟುತ್ತದೆ. ಗರುಡದ ಮುಗಿಲಿನಲ್ಲಿ ನಕ್ಷತ್ರವಾಗಲಿರುವ ಗಂಟುಗಳ ಪೈಕಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಇಂತಹ ಭಾರವಾದ ಎಳೆಗಳ ಮೇಲೆಯೇ ಇದ್ದವು.

ಹುಡುಗಿಯ ಪ್ರಶ್ನೆಗೆ ಇದೇ ಉತ್ತರ. ಮುಗಿಲು ಒಟ್ಟಾಗಿ ಕುಸಿಯುವುದೇ ಇಲ್ಲ. ಅದರ ಬಹುಭಾಗ ಎಂದೂ ಕುಸಿಯದು. ಒಂದು ಮುಗಿಲಿನ ಅನಿಲದಲ್ಲಿ ನೂರರಲ್ಲಿ ಕೆಲವೇ ಪಾಲು ಮಾತ್ರ ನಕ್ಷತ್ರವಾಗುತ್ತದೆ, ಉಳಿದದ್ದು ಚದುರಿಹೋಗುತ್ತದೆ. ನಮ್ಮ ಇಡೀ ಆಕಾಶಗಂಗೆಯಲ್ಲಿ ಸುಮಾರು ನೂರು ಕೋಟಿ ಸೂರ್ಯರ ತೂಕದ ಇಂತಹ ಅನಿಲವಿದ್ದರೂ, ವರ್ಷಕ್ಕೆ ಹುಟ್ಟುವ ನಕ್ಷತ್ರಗಳ ತೂಕ ಒಂದೆರಡು ಸೂರ್ಯರಷ್ಟು ಮಾತ್ರ. ಮೊದಲು ಎಳೆಯಾಗಿ, ಆ ಎಳೆ ತುಂಡಾಗಿ, ತುಂಡು ಗಂಟಾಗುವುದರಿಂದ ಒಂದೊಂದು ಗಂಟಿನ ಪಾಲಿಗೆ ಬರುವುದು ಸ್ವಲ್ಪವೇ. ಆದ್ದರಿಂದಲೇ ಆಕಾಶದಲ್ಲಿ ಸಣ್ಣ ನಕ್ಷತ್ರಗಳ ಸಂಖ್ಯೆ ಇಷ್ಟೊಂದು ದೊಡ್ಡದು. ನಮ್ಮ ಸೂರ್ಯನೂ ಅಂತಹ ಒಂದು ಗಂಟು ಎನ್ನಲು ಅಡ್ಡಿಯಿಲ್ಲ.

ಹಾಗಾದರೆ ಭಾರಿ ನಕ್ಷತ್ರಗಳು? ಅವು ಹುಟ್ಟುವುದು ಹಲವು ಎಳೆಗಳು ಕೂಡುವ ಕೂಡಲಿಗಳಲ್ಲಿ. ಎಲ್ಲ ದಿಕ್ಕಿನಿಂದ ಎಳೆಗಳ ಗುಂಟ ಅನಿಲ ಅಲ್ಲಿಗೆ ಹರಿದು ಬರುತ್ತದೆ. 2013ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ ಸಾವಿರಾರು ಜ್ಯೋತಿರ್ವರ್ಷ ದೂರದ ಒಂದು ಕೂಡಲಿಯಲ್ಲಿ ಐನೂರು ಸೂರ್ಯರ ತೂಕದ ಒಂದೇ ಗಂಟನ್ನು ಗುರುತಿಸಿತು. ಮಹಾವ್ಯಾಧನ ಮೂರು ಚುಕ್ಕಿಗಳ ಕೆಳಗೆ ಖಡ್ಗದ ನಡುವೆ ಬರಿಗಣ್ಣಿಗೂ ಮಸುಕಾಗಿ ಕಾಣುವ ನೀಹಾರಿಕೆ 1,300 ಜ್ಯೋತಿರ್ವರ್ಷ ದೂರದ್ದು. ಅಂದರೆ ಬಾದಾಮಿ ಚಾಲುಕ್ಯರ ಕಾಲದ ಬೆಳಕು. ಅದೂ ಒಂದು ಉದ್ದನೆಯ, ಡೊಂಕಾದ ಎಳೆಯ ಅತ್ಯಂತ ದಟ್ಟವಾದ ಎಡೆಯಲ್ಲಿಯೇ ಇದೆ. ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ಸುತ್ತಣ ಅನಿಲವನ್ನು ಬೆಳಗುತ್ತಿರುವುದರಿಂದ ನಮಗೆ ಅದು ಕಾಣುತ್ತದೆ. ಹಿಂದಿನ ಎಳೆ ಕಾಣುವುದಿಲ್ಲ.

ನೂಲಿನ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದನ್ನು ಕಂಡು ನಮಗೆ ಸಂತೋಷವಾಯಿತು. ಒಂದು ರೇಷ್ಮೆಗೂಡಿನ ಎಳೆ ಕೂದಲಿಗಿಂತ ಸಣ್ಣದು. ಎಂಟು ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಬಿಚ್ಚಿದರೆ ನೇಯಲು ಬರುವ ನೂಲಾಗುತ್ತದೆ. 2013ರಲ್ಲಿ ಅಲ್ವಾರೊ ಹಕಾರ್ ಮತ್ತು ಮಾರಿಯೊ ತಫಾಲ್ಯಾ ಎಂಬುವರು ಬರ್ನಾರ್ಡ್ 213ರ ಅನಿಲದ ವೇಗವನ್ನು ರೇಡಿಯೋ ಅಲೆಗಳಿಂದ ಅಳೆದು, ಒಂದೇ ಎಳೆಯಂತೆ ತೋರುವುದು ನಿಜದಲ್ಲಿ ಬೇರೆ ಬೇರೆ ವೇಗದಲ್ಲಿ ಚಲಿಸುವ ಸುಮಾರು 35 ಎಳೆಗಳ ಕಟ್ಟು ಎಂದು ತೋರಿಸಿದರು. ಅವುಗಳಲ್ಲಿಯೂ ಎಲ್ಲವೂ ಫಲವತ್ತಾದವಲ್ಲ. ಕೆಲವು ಮಾತ್ರ ಗಂಟುಗಳನ್ನು ಹೊತ್ತಿವೆ, ಉಳಿದವು ಬರಿದಾಗಿವೆ.

ಎಲ್ಲ ಎಳೆಗಳ ದಪ್ಪವೂ ಬಹುಮಟ್ಟಿಗೆ ಒಂದೇ, ಸುಮಾರು ಒಂದು ಜ್ಯೋತಿರ್ವರ್ಷದ ಮೂರನೆಯ ಒಂದು ಪಾಲು ಎಂದು ಆಂದ್ರೆ ಅವರ ತಂಡ 2011ರಲ್ಲಿ ಪ್ರಕಟಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಮುಂದೆ ಕೆಲವರು ಇದನ್ನು ಒಪ್ಪಲಿಲ್ಲ. ದೂರದ ಎಳೆ ಮಸುಕಾಗಿ ದಪ್ಪಗೆ ಕಾಣುತ್ತದೆ, ಅಳೆಯುವ ರೀತಿಯೇ ಈ ಸಾಮ್ಯವನ್ನು ಹುಟ್ಟಿಸಿರಬಹುದು ಎಂಬುದು ಅವರ ಆಕ್ಷೇಪ. ಈ ಚರ್ಚೆ ಮುಗಿದಿಲ್ಲ. ವಿಜ್ಞಾನದವರ ಜಗಳ ನಮ್ಮ ಪಂಚಾಯಿತಿ ಜಗಳಗಳಂತಲ್ಲ; ಅಲ್ಲಿ ಗಂಟಲಿಗಿಂತ ಅಳತೆಗೆ ಬೆಲೆ ಹೆಚ್ಚು.

ನಮ್ಮ ನಾಡಿನ ಕಣ್ಣುಗಳು

ತಂಪಾದ ಜಲಜನಕ ತಾನಾಗಿ ಸುಳಿವು ಕೊಡುವುದಿಲ್ಲ. ಅದರೊಡನೆ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಮಾತ್ರ 2.6 ಮಿಲಿಮೀಟರು ಉದ್ದದ ರೇಡಿಯೋ ಅಲೆಯನ್ನು ಸೂಸುತ್ತದೆ. 1970ರಲ್ಲಿ ಮಹಾವ್ಯಾಧನ ನೀಹಾರಿಕೆಯ ಕಡೆಯಿಂದ ಇದು ಮೊದಲು ಸಿಕ್ಕಿತು. ಅಲೆಯನ್ನು ಹಿಡಿದರೆ ಅನಿಲ ನಮ್ಮತ್ತ ಬರುತ್ತಿದೆಯೇ, ದೂರ ಹೋಗುತ್ತಿದೆಯೇ ಎಂಬುದೂ ತಿಳಿಯುತ್ತದೆ. ಈ ಕೆಲಸಕ್ಕೆಂದೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 10.4 ಮೀಟರು ಅಡ್ಡಳತೆಯ ಒಂದು ದೂರದರ್ಶಕವನ್ನು ನಿಲ್ಲಿಸಿದ್ದರು. ಗಾಳಿಯ ತೇವ ಈ ಅಲೆಗಳನ್ನು ನುಂಗುವುದರಿಂದ ಚಳಿಗಾಲದ ಒಣ ರಾತ್ರಿಗಳೇ ಅದಕ್ಕೆ ಅನುಕೂಲ. ದಕ್ಷಿಣ ಆಕಾಶದ ಗಮ್ ನೀಹಾರಿಕೆಯಲ್ಲಿ ಧೂಮಕೇತುಗಳಂತೆ ಬಾಲ ಚಾಚಿದ ಮುಗಿಲ ತುಣುಕುಗಳ ಚಲನೆಯನ್ನು ಅಲ್ಲಿಂದ ಅಳೆದಿದ್ದರು. ಉತ್ತರದ ದೇಶಗಳಿಗೆ ಆ ಭಾಗ ದಿಗಂತದ ಮೇಲೆ ಏಳುವುದೇ ಕಷ್ಟ.

ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರು ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಎಳೆಯ ನಕ್ಷತ್ರಗಳನ್ನು ಗುರುತಿಸುವ ಕೆಲಸಕ್ಕೂ ಅದು ಒದಗಿದೆ.

ಇನ್ನು ಚಳ್ಳಕೆರೆ. ನಾಯಕನಹಟ್ಟಿಯ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಬಂದಿದೆ. ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಹುಲ್ಲುಗಾವಲಾಗಿದ್ದ ಕಾವಲಿನಲ್ಲಿ ಬೇಲಿ ಎದ್ದಾಗ ದನ ಕುರಿ ಮೇಯಿಸುವವರು ಪಟ್ಟ ಪಾಡು, ನಡೆಸಿದ ಹೋರಾಟ ಸಣ್ಣದಲ್ಲ; ಅದನ್ನು ಮರೆತು ‘ವಿಜ್ಞಾನ ನಗರಿ’ ಎಂದು ಹೊಗಳಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ಅದೇ ಕುದಾಪುರದಲ್ಲಿ ಶಾಲಾ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ವಿಜ್ಞಾನ ಕಲಿಸುವ ತರಬೇತಿ ನಡೆಯುತ್ತ ಬಂದಿದೆ ಎಂಬುದನ್ನೂ ಹೇಳಬೇಕು. ಕಾವಲು ಕಳೆದುಕೊಂಡವರ ಮಕ್ಕಳ ತರಗತಿಗೆ ಅಲ್ಲಿಂದ ಏನಾದರೂ ತಲುಪುವುದಾದರೆ ಅದು ಈ ದಾರಿಯಿಂದಲೇ.

ಮತ್ತೆ ಮಾಳಿಗೆಯ ಮೇಲೆ

ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥೋತ್ಸವ ಮುಗಿಸಿಕೊಂಡು ನಾವು ಮೊಳಕಾಲ್ಮೂರಿಗೆ ಹೋದೆವು. ಸೀರೆ ಮಗ್ಗದಿಂದ ಇಳಿದಿತ್ತು. ಬಂಧುಗಳ ಮನೆಯಲ್ಲಿ ಶೇಂಗಾ ಉಂಡೆಗೆ ಬೆಲ್ಲದ ಪಾಕ ಏರಿತ್ತು. ಮನೆಯ ಅಜ್ಜಿ ಪಾಕದ ಹದ ನೋಡಲು ಎರಡು ಬೆರಳ ನಡುವೆ ಎಳೆ ತೆಗೆದಾಗ ನಾವು ಹುಡುಗಿಯನ್ನು ಕರೆದು ತೋರಿಸಿದೆವು: ಎಳೆ ಸಣ್ಣಗಾಯಿತು, ಅದರ ಮೇಲೆ ಒಂದೆರಡು ಮಣಿಗಳು ಕಟ್ಟಿದವು, ಆಮೇಲೆ ತುಂಡಾಯಿತು. ಪಾಕವನ್ನು ಮಣಿಗಟ್ಟಿಸುವುದು ಅದರ ಮೇಲ್ಮೈಯ ಬಿಗಿತ, ಮುಗಿಲನ್ನು ಮಣಿಗಟ್ಟಿಸುವುದು ಗುರುತ್ವ; ಕಾರಣ ಬೇರೆ, ಕಾಣುವ ಪರಿ ಒಂದೇ. ಅಜ್ಜಿ, “ಪಾಕ ಕೆಟ್ಟೋಗುತ್ತೆ, ಆಚೆ ಹೋಗಿ ಹೇಳ್ಕೊಳ್ರಪ್ಪ” ಎಂದು ಇಬ್ಬರನ್ನೂ ಅಟ್ಟಿದರು.

ಚಂದ್ರೋದಯಕ್ಕೆ ಇನ್ನೂ ಹೊತ್ತಿತ್ತು. ಕೃತ್ತಿಕೆ, ರೋಹಿಣಿಗಳು ಪಡುವಣಕ್ಕೆ ವಾಲಿದ್ದವು. ಈ ಸಲ ವಿದ್ಯುತ್ತು ಹೋಗಿರಲಿಲ್ಲ; ಬೀದಿಯ ಹೊಸ ದೀಪ ಮಾಳಿಗೆಯ ಅರ್ಧದವರೆಗೆ ಬೆಳಕು ಚೆಲ್ಲಿತ್ತು. ಜನವರಿಯಲ್ಲಿ ಎಣಿಸಿದಷ್ಟು ಕೃತ್ತಿಕೆಯ ಚುಕ್ಕಿಗಳು ಈಗ ಸಿಗಲಿಲ್ಲ. ನೀರಿನ ತೊಟ್ಟಿಯ ಮರೆಗೆ ಸರಿದು ನಿಂತು ನಮಗೆ ತಿಳಿದಷ್ಟನ್ನು ಹೇಳಿದೆವು. ಅದೇ ಮುಗಿಲಿನ ಒಂದು ಗಂಟಿನಲ್ಲಿ ಸುಮಾರು ಒಂದು ಲಕ್ಷ ವರ್ಷ ವಯಸ್ಸಿನ ಹಸುಗೂಸಿನಂತಹ ನಕ್ಷತ್ರವಿದೆ. 2022ರ ನವೆಂಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರದಲ್ಲಿ ಅದರ ಎರಡೂ ಬದಿಗೆ ಚಿಮ್ಮಿದ ಅನಿಲ ಡಮರುವಿನ ಆಕಾರವಾಗಿ ತೋರಿತು. ಹುಟ್ಟುವಾಗಲೇ ನಕ್ಷತ್ರ ತನ್ನ ಪಾಲಿನ ಅನಿಲದಲ್ಲಿ ಬಹಳಷ್ಟನ್ನು ಹೀಗೆ ಹೊರಗೆಸೆದುಬಿಡುತ್ತದೆ. ಅವಳು ಎಲ್ಲವನ್ನೂ ಕೇಳಿದಳು. ಒಪ್ಪಿದಳೆಂದು ನಾವು ಸಮಾಧಾನಪಡುವಷ್ಟರಲ್ಲಿ ಮತ್ತೊಂದು ಪ್ರಶ್ನೆ ಬಂದಿತು.

“ಹಂಗಾದ್ರೆ ತಾತ, ನಮ್ಮ ಸೂರ್ಯನ ಎಳೆ ಎಲ್ಲಿ? ಅದರ ಮೇಲಿದ್ದ ಬೇರೆ ಮಣಿಗಳು ಎಲ್ಲಿ ಹೋದವು?”

ಈ ಸಲ ಉತ್ತರ ಕೈಯಲ್ಲಿತ್ತು. ಸೂರ್ಯನಿಗೆ ವಯಸ್ಸು 460 ಕೋಟಿ ವರ್ಷ. ಅಷ್ಟರಲ್ಲಿ ಅವನು ಆಕಾಶಗಂಗೆಯ ನಡುವನ್ನು ಇಪ್ಪತ್ತು ಸುತ್ತು ಸುತ್ತಿದ್ದಾನೆ. ಎಳೆ ಎಂದೋ ಚದುರಿಹೋಯಿತು, ಒಡಹುಟ್ಟಿದವು ದಿಕ್ಕುಪಾಲಾದವು. ಆದರೂ ಸೂರ್ಯನದೇ ವಯಸ್ಸು, ಸೂರ್ಯನದೇ ಧಾತುಗಳ ಪ್ರಮಾಣ, ಹಿಂದಕ್ಕೆ ಲೆಕ್ಕ ಹಾಕಿದರೆ ಒಂದೇ ಎಡೆಗೆ ಬಂದು ಸೇರುವ ದಾರಿ, ಈ ಮೂರನ್ನೂ ಹಿಡಿದು ಹುಡುಕುವವರಿದ್ದಾರೆ. 2014ರಲ್ಲಿ ಅಮೆರಿಕದ ಟೆಕ್ಸಾಸಿನ ಖಗೋಳಜ್ಞರು ಅಂತಹ ಒಂದನ್ನು ಸೂರ್ಯನ ಸೋದರನಿರಬಹುದೆಂದು ಹೆಸರಿಸಿದರು. 110 ಜ್ಯೋತಿರ್ವರ್ಷ ದೂರದಲ್ಲಿ, ಅಭಿಜಿತ್ ನಕ್ಷತ್ರದಿಂದ ಹೆಚ್ಚು ದೂರವಿಲ್ಲದ ಎಡೆಯಲ್ಲಿದೆ. ಬರಿಗಣ್ಣಿಗೆ ನಿಲುಕದು, ಸಾಧಾರಣ ಬೈನಾಕ್ಯುಲರಿಗೆ ನಿಲುಕುತ್ತದೆ.

ನಾವು ತಂದಿದ್ದ ಬೈನಾಕ್ಯುಲರನ್ನು ಅವಳ ಕೈಗೆ ಕೊಟ್ಟೆವು. ಆದರೆ ಫಾಲ್ಗುಣದಲ್ಲಿ ಅಭಿಜಿತ್ ಮೂಡುವುದೇ ನಡುರಾತ್ರಿ ದಾಟಿದ ಮೇಲೆ, ಚೆನ್ನಾಗಿ ಮೇಲೇರಲು ಮೂರು ಗಂಟೆಯಾಗಬೇಕು. ಎಬ್ಬಿಸಬೇಕೆಂದು ತಾಯಿಗೆ ಎರಡು ಸಲ ಹೇಳಿ, ಬೈನಾಕ್ಯುಲರನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಹುಡುಗಿ ಮಲಗಿದಳು.